ಎಡಕ್ಕೊಂದು ನ್ಯಾಯ, ಬಲಕ್ಕೊಂದು ನ್ಯಾಯ

ಗ್ಯಾರೇಜಿಗೆ ಹೋದವರಿಗೆ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಸೌಂಡು ಹೆಂಗ್ ಬರುತ್ತೆ?” ಅಲ್ಲಿಂದಾಚೆಗೆ ನಡೆಯುವುದೆಲ್ಲ ಏಕಪಾತ್ರಾಭಿನಯ. ಕಚೇರಿಯಲ್ಲಿ ಒಮ್ಮೆ ಕೆಮ್ಮಿದರೆ ಗುಮಾಸ್ತರೆಲ್ಲ ಫೈಲು ಬಿಚ್ಚಿ ಕೂರುವಂಥ ಸಾಹೇಬರು ಇಲ್ಲಿ ತುಟಿ ಮುಂದೆ ಮಾಡಿ “ಗುರ್ರ್... ಗುರ್ರ್... ಕೊನೇಲೊಂದು ಟಣ್” ಎನ್ನುತ್ತಾರೆ. ಬ್ಯಾಂಕಿನ ಮ್ಯಾನೇಜರಿಗೆ “ಕೀಂಯ್” ಒಂದೇ ಬರುವುದು. ಅದನ್ನೇ ಮೂರು ಸ್ಥಾಯಿಯಲ್ಲಿ ಹಾಡಿ ತೋರಿಸುತ್ತಾರೆ. ರುದ್ರ ಹೇಳಿ ಪಳಗಿದ ಗಂಟಲಿನ ಪುರೋಹಿತರು “ಧಡ ಧಡ ಧಡ” ಎಂದು ಶುರು ಮಾಡಿದರೆ ಪಕ್ಕದ ಹೋಟೆಲಿನವನು ಕಾಫಿ ಸೋಸುವುದನ್ನು ಬಿಟ್ಟು ಇಣುಕುತ್ತಾನೆ. ಮೇಸ್ತ್ರಿ ಮಾತ್ರ ನಗುವುದಿಲ್ಲ. ಕಣ್ಣು ಅರ್ಧ ಮುಚ್ಚಿ ಪೂರ್ತಿ ಕೇಳಿಸಿಕೊಂಡು, “ಬ್ರೇಕ್ ಹೊಡೆದಾಗ್ಲೋ, ಗೇರ್ ಹಾಕಿದಾಗ್ಲೋ?” ಎಂದು ಎರಡನೆಯ ಪ್ರಶ್ನೆ ಹಾಕುತ್ತಾರೆ. ಸಾಹೇಬರು ಸದ್ದನ್ನು ಬಾಯಿಪಾಠ ಮಾಡಿದ್ದಾರೆಯೇ ಹೊರತು ಅದು ಬರುವ ಗಳಿಗೆಯನ್ನು ಗಮನಿಸಿಲ್ಲ ಎಂದು ಆಗ ಗೊತ್ತಾಗುತ್ತದೆ.

ಸದ್ದಿನ ಮೇಲೆ ನಮಗಿರುವ ಭಕ್ತಿ ದೊಡ್ಡದು. ಕುಕ್ಕರ್ ಕೂಗಿದರೆ ಅನ್ನ ಆಯಿತು, ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬೇಕು, ಪಂಪು ಗೊರಗೊರ ಎಂದರೆ ಬಾವಿಯಲ್ಲಿ ನೀರು ತಳ ಹಿಡಿಯಿತು. ಸದ್ದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೇ ಲೆಕ್ಕ. ಸಣ್ಣ ಮಕ್ಕಳಿರುವ ಮನೆಯೊಂದನ್ನು ಬಿಟ್ಟರೆ ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ಕಾರಿನ ಮುಂದಿನ ಚಕ್ರಗಳ ಹಿಂದೆ ಒಂದು ರಬ್ಬರ್ ತುಂಡು ಕೂತಿರುತ್ತದೆ, ನೋಡಿ, ಅದರ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ. ಅದನ್ನು ನಾನು ತಿಳಿದುಕೊಂಡದ್ದು ಭಾವನ ಖರ್ಚಿನಲ್ಲಿ.

ಭಾವ ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಕಾರು ಸಣ್ಣದು, ಹಳೆಯದು, ಅವರಷ್ಟೇ ಶಿಸ್ತಿನದು. ಅಂಥ ಕಾರು ಒಂದು ಮಳೆಗಾಲ ಮುಗಿಯುತ್ತಿದ್ದಂತೆ ತಿರುವಿನಲ್ಲಿ “ಕಟ್ ಕಟ್ ಕಟ್” ಎನ್ನಲು ಶುರುಮಾಡಿತು. ನೇರ ರಸ್ತೆಯಲ್ಲಿ ಏನೂ ಇಲ್ಲ. ಆದರೆ ಮಲೆನಾಡಿನಲ್ಲಿ ನೇರ ರಸ್ತೆ ಎಷ್ಟು ಉದ್ದ ಸಿಕ್ಕೀತು? ಹಾಡಿನ ಒಂದು ಚರಣ ಮುಗಿಯುವುದರೊಳಗೆ ತಿರುವು ಬರುತ್ತದೆ.

ಮದುವೆಯೊಂದಕ್ಕೆ ಉಡುಪಿಗೆ ಹೊರಟಾಗ ಆ ಸದ್ದು ತನ್ನ ಪೂರ್ಣ ಪ್ರತಿಭೆಯನ್ನು ತೋರಿಸಿತು. ದಾರಿ ಆಗುಂಬೆ ಘಾಟಿಯದು. ದೊಡ್ಡ ಬಸ್ಸು, ಲಾರಿಗಳನ್ನೇ ಬಿಡದಷ್ಟು ಕಡಿದಾದ ತಿರುವುಗಳು. ಸ್ಟಿಯರಿಂಗನ್ನು ಪೂರ್ತಿ ಎಳೆದು ತಿರುಗಿಸಿದಾಗಲೆಲ್ಲ ಕಟ್ ಕಟ್ ಕಟ್. ಕಾರಿನಲ್ಲಿದ್ದವರೆಲ್ಲ ತಕ್ಷಣ ವೈದ್ಯರಾದರು. ಟಯರಿನಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದರು ಅತ್ತೆ. ಡಿಕ್ಕಿಯಲ್ಲಿ ತೆಂಗಿನಕಾಯಿ ಉರುಳುತ್ತಿದೆ ಎಂದಳು ಅಕ್ಕ. ಎರಡನೆಯ ರೋಗನಿದಾನ ಹೆಚ್ಚು ಜನಪ್ರಿಯವಾಗಿ, ಘಾಟಿಯ ನಡುವೆ ಕಾರು ನಿಲ್ಲಿಸಿ, ಕೋತಿಗಳ ಸಮಕ್ಷಮದಲ್ಲಿ ಕಾಯಿಗಳನ್ನೆಲ್ಲ ತೆಗೆದು ನಮ್ಮ ನಮ್ಮ ಮಡಿಲಿಗೆ ಹಂಚಲಾಯಿತು. ಮುಂದಿನ ತಿರುವಿನಲ್ಲಿ ಮತ್ತೆ ಕಟ್ ಕಟ್ ಕಟ್. ಈಗ ಕಾಯಿ ಹಿಡಿದುಕೊಂಡು ಕೂತು ಕೇಳಬೇಕಾಯಿತು, ಅಷ್ಟೇ ವ್ಯತ್ಯಾಸ. ಭಾವ ಮಾತ್ರ ಗಂಭೀರವಾಗಿ, “ತಿರುಗಿಸಿದಾಗ ಬರುತ್ತೆ, ನೇರ ಹೋದರೆ ಬರಲ್ಲ. ಆದ್ದರಿಂದ ತಿರುಗಿಸೋದಕ್ಕೆ ಸಂಬಂಧಪಟ್ಟದ್ದು” ಎಂದು ಸಾಧನೆ ಮುಗಿಸಿ ಕ್ಯಾಸೆಟ್ಟಿನ ಹಾಡು ಜೋರು ಮಾಡಿದರು. ಸೋಮೇಶ್ವರದವರೆಗೂ ರೋಗ ವಾಸಿಯಾಗಿತ್ತು.

ಹಳೆಯ ಕಾಲದ ಎತ್ತಿನ ಗಾಡಿಯಾಗಿದ್ದರೆ ಇಷ್ಟು ತೊಂದರೆ ಇರಲಿಲ್ಲ. ಅದರ ಅಚ್ಚು ಒಣಗಿದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಯಾರ ಗಾಡಿ ಸಂತೆಯಿಂದ ಬರುತ್ತಿದೆ ಎಂದು ಮನೆಯ ಹೆಂಗಸರು ಆ ಕಿರುಚಿನಿಂದಲೇ ಹೇಳಿ ಒಲೆಗೆ ಸೌದೆ ಮುಂದೂಡುತ್ತಿದ್ದರು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ಗಾಡಿಗೇ ತೂಗುಹಾಕಿರುತ್ತಿದ್ದರು. ಕಿರುಚಿದಾಗ ಒಂದಿಷ್ಟು ಬಳಿದರೆ ಗಾಡಿ ಬಾಯಿ ಮುಚ್ಚುತ್ತಿತ್ತು. ಕೆಡುವುದಕ್ಕೆ ಮೊದಲೇ ಕೂಗಿ ಹೇಳುವ ಪ್ರಾಮಾಣಿಕತೆ ಆ ಯಂತ್ರಕ್ಕಿತ್ತು.

ಗಾಡಿಯ ಭಾರವೆಲ್ಲ ಯಾವ ಸಣ್ಣ ವಸ್ತುವಿನ ಮೇಲೆ ನಿಂತಿದೆ ಎನ್ನುವುದು ನಮ್ಮವರಿಗೆ ಹಿಂದಿನಿಂದಲೂ ಗೊತ್ತು. ಜೇಡರ ದಾಸಿಮಯ್ಯ ಶರಣರ ಮಾತಿನ ಹಿರಿಮೆ ಹೇಳಲು ಹೊರಟಾಗ ಅವನಿಗೆ ನೆನಪಾದದ್ದು ತೇರಲ್ಲ, ಕಳಸವಲ್ಲ, ಬಂಡಿಯ ಕಡೆಗೀಲು. ಹರಿಕಥೆ ಹೇಳುವವರು ದಶರಥನ ರಥದ ಪ್ರಸಂಗ ಬಂದರೆ ಬಿಡುವುದಿಲ್ಲ. ಯುದ್ಧದ ನಡುವೆ ಕೀಲು ಕಳಚಿ ಬಿತ್ತಂತೆ, ಕೈಕೇಯಿ ತನ್ನ ಬೆರಳನ್ನೇ ಕೀಲಾಗಿ ಕೊಟ್ಟಳಂತೆ. ರಸ್ತೆಯಲ್ಲಿ ನಿಂತ ವಾಹನಕ್ಕೆ ಸ್ಥಳದಲ್ಲೇ ಸರ್ವೀಸು ಕೊಟ್ಟವರಲ್ಲಿ ಆಕೆಯೇ ಮೊದಲಿಗಳಿರಬೇಕು. ದಶರಥ ಕೂಲಿಯನ್ನು ಆಗಲೇ ಚುಕ್ತಾ ಮಾಡಿದ್ದರೆ ಒಳ್ಳೆಯದಿತ್ತು. “ಎರಡು ವರ ಬಾಕಿ ಇರಲಿ” ಎಂದು ಆಕೆ ಅಂದದ್ದಕ್ಕೆ ಒಪ್ಪಿ ಮುಂದೂಡಿದ. ಬಾಕಿ ಬಡ್ಡಿ ಸಮೇತ ಬಂದಾಗ ಹಿರಿಯ ಮಗನನ್ನೇ ಕಾಡಿಗೆ ಕಳಿಸಬೇಕಾಯಿತು. ಗಾಡಿಯ ಸಣ್ಣ ಕೆಲಸವನ್ನು ಆಮೇಲೆ ನೋಡೋಣ ಎನ್ನುವವರೆಲ್ಲ ಪಟ್ಟಾಭಿಷೇಕದ ಹಿಂದಿನ ರಾತ್ರಿಯನ್ನು ಒಮ್ಮೆ ನೆನೆಯುವುದು ಲೇಸು.

ಅಂಬಾಸಡರ್ ಕಾಲದಲ್ಲಿ ಚಕ್ರಗಳ ನಡುವೆ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ಹಿಂದಿನವು ದೂಡಬೇಕು, ಮುಂದಿನವು ತಿರುಗಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 796 ಸಿ.ಸಿ.ಯ, ಮೂರು ಸಿಲಿಂಡರಿನ ಪುಟ್ಟ ಎಂಜಿನ್ನನ್ನು ಅಡ್ಡಡ್ಡ ಕೂರಿಸಿ, ಎಳೆಯುವ ಕೆಲಸವನ್ನೂ ಮುಂದಿನ ಚಕ್ರಗಳಿಗೇ ವಹಿಸಿದ ಕಾರು ಅದು. ಕಾರಿನೊಳಗೆ ಕಾಲು ಚಾಚಲು ಜಾಗ ಸಿಕ್ಕಿತು. ಮುಂದಿನ ಚಕ್ರಗಳಿಗೆ ಮಾತ್ರ ಸಂಬಳ ಹೆಚ್ಚಿಸದೆ ಕೆಲಸ ಹೆಚ್ಚಿಸಿದ ಹಾಗಾಯಿತು. ಅವು ಗುಂಡಿಗೆ ಬಿದ್ದು ಏಳಬೇಕು, ಎಡಬಲಕ್ಕೆ ತಿರುಗಬೇಕು, ಇಷ್ಟರ ನಡುವೆ ಎಂಜಿನ್ನಿನ ಬಲ ಪಡೆದು ಇಡೀ ಕಾರನ್ನು ಎಳೆಯಬೇಕು. ಅಂಬಾಸಡರ್ ಮತ್ತು ಮಾರುತಿ 800 ಎರಡೂ 2014ರಲ್ಲೇ ತಯಾರಿಕೆ ನಿಲ್ಲಿಸಿದವು. ಹಂಚಿಕೆಯ ಜಗಳದಲ್ಲಿ ಗೆದ್ದದ್ದು ಮಾತ್ರ ಮಾರುತಿಯ ಪದ್ಧತಿ. ಇವತ್ತು ಮನೆಗಳ ಮುಂದೆ ನಿಂತಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನಿಂದ ಎಳೆಯುವಂಥವೇ.

ತಿರುಗುವ ಚಕ್ರಕ್ಕೆ ಬಲ ಮುಟ್ಟಿಸಬೇಕಾದರೆ ನಡುವಿನ ಕಬ್ಬಿಣದ ಸರಳು ಎಲ್ಲೋ ಒಂದು ಕಡೆ ಬಾಗಬೇಕು, ಬಾಗಿಕೊಂಡೇ ಸುತ್ತಬೇಕು. ಬಾಗಿ ಸುತ್ತುವ ಕೀಲು 17ನೇ ಶತಮಾನದ ರಾಬರ್ಟ್ ಹುಕ್‌ನಿಂದಲೇ ಪ್ರಸಿದ್ಧ. ಜೀಪಿನವರು ಯೂನಿವರ್ಸಲ್ ಕ್ರಾಸ್ ಎನ್ನುವುದು ಅದರ ವಂಶದ್ದೇ. ಅದಕ್ಕೊಂದು ದುರ್ಗುಣ. ಈ ಕಡೆಯಿಂದ ಒಂದೇ ವೇಗದಲ್ಲಿ ಸುತ್ತಿದರೂ ಆ ಕಡೆ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಬಾಗು ಹೆಚ್ಚಿದಷ್ಟೂ ಈ ಚಂಚಲತೆ ಹೆಚ್ಚು. ಅದನ್ನೇ ತಿರುಗುವ ಚಕ್ರಕ್ಕೆ ಕಟ್ಟಿದರೆ ಪ್ರತಿ ತಿರುವಿನಲ್ಲೂ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಕಂಡುಹಿಡಿದ. ಉಕ್ಕಿನ ಗುಂಡುಗಳನ್ನಿಟ್ಟು, ಎಷ್ಟು ಬಾಗಿದರೂ ಎರಡೂ ಕಡೆ ಒಂದೇ ವೇಗ ಇರುವಂಥ ಕೀಲು. 1959ರಲ್ಲಿ ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಮಿನಿ ಕಾರು ಆ ಜಾತಿಯ ಕೀಲನ್ನು ಸಾಮಾನ್ಯರ ಮನೆಬಾಗಿಲಿಗೆ ತಂದಿತು. ಸಿವಿ ಜಾಯಿಂಟ್ ಎಂದು ನಮ್ಮ ಗ್ಯಾರೇಜುಗಳಲ್ಲಿ ಹೇಳುವುದು ಅದನ್ನೇ.

ಈ ಕೀಲಿಗೆ ಬೇಕಾದದ್ದು ಎರಡೇ: ಒಳಗೆ ಗ್ರೀಸಿರಬೇಕು, ಹೊರಗಿನ ಮಣ್ಣು ಹೊರಗೇ ಇರಬೇಕು. ಇದನ್ನು ನೋಡಿಕೊಳ್ಳುವ ಕಾವಲುಗಾರನೇ ಆಕ್ಸಲ್ ಬೂಟು. ಕಪ್ಪು ರಬ್ಬರಿನದು, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ನಡುವೆ ಹಾರ್ಮೋನಿಯಮ್ಮಿನ ತಿದಿಯಲ್ಲಿರುವಂತೆ ಮಡಿಕೆ ಮಡಿಕೆ. ಎರಡು ತುದಿಗೂ ಕ್ಲಿಪ್ಪು ಬಿಗಿದಿರುತ್ತದೆ. ಚಕ್ರ ತಿರುಗಿದಾಗ ಒಂದು ಪಕ್ಕದ ಮಡಿಕೆ ಹಿಗ್ಗುತ್ತದೆ, ಇನ್ನೊಂದು ಪಕ್ಕದ್ದು ಕುಗ್ಗುತ್ತದೆ. ಕಾರು ಓಡಿದಷ್ಟು ಹೊತ್ತೂ ಇದೇ ಅದರ ಪಾಡು. ಬಿಸಿಲು, ಎಂಜಿನ್ನಿನ ಶಾಖ, ಕೆಸರು, ಚಿಮ್ಮುವ ಜಲ್ಲಿ, ಇವುಗಳ ನಡುವೆ ವರ್ಷಗಳು ಕಳೆದ ಮೇಲೆ ಯಾವುದೋ ಒಂದು ಮಡಿಕೆ ಬಿರುಕು ಬಿಡುತ್ತದೆ. ಬಿಡುವಾಗ ಪಟ್ ಎನ್ನುವುದಿಲ್ಲ, ಚರ್ ಎನ್ನುವುದಿಲ್ಲ. ಸುತ್ತುವ ರಭಸಕ್ಕೆ ಗ್ರೀಸು ಬಿರುಕಿನಿಂದ ಸಿಡಿದು ಹೊರಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ನೀರೂ ಮರಳೂ ಬಂದು ಸೇರುತ್ತವೆ. ಉಳಿದ ಗ್ರೀಸು ಮರಳಿನ ಜೊತೆ ಬೆರೆತು, ಕಾಯಬೇಕಾದ ಗುಂಡುಗಳನ್ನೇ ಅರೆಯಲು ಶುರುಮಾಡುತ್ತದೆ. ಇಷ್ಟಾದರೂ ಕಾರಿನೊಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಹಾಡು ಕೇಳಿಕೊಂಡು ಮದುವೆಗೆ ಹೋಗುತ್ತಿರುತ್ತಾರೆ.

ಮದುವೆಯಿಂದ ಬಂದ ಮೇಲೆ ಭಾವ ನನ್ನನ್ನೂ ಕರೆದುಕೊಂಡು ಮೇಸ್ತ್ರಿಯ ಹತ್ತಿರ ಹೋದರು. ಮೇಸ್ತ್ರಿ ಭಾವನ ಕ್ಲಾಸಿನಲ್ಲಿ ಕೂತವರು. ಈಗಲೂ ಅವರೆದುರು ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾರೆ. ಭಾವ ಕಟ್ ಕಟ್ ಕಟ್ ಎಂದು ತೋರಿಸಲು ಬಾಯಿ ತೆರೆದರು. ಶಿಷ್ಯನ ಎದುರು ಹೇಗೆ ಎಂದು ಅಳುಕಿ, ಅದೇ ಲಯದಲ್ಲಿ ಬಾನೆಟ್ಟಿನ ಮೇಲೆ ಬೆರಳಿಂದ ಬಡಿದರು. ಮೇಸ್ತ್ರಿ ಅಷ್ಟಕ್ಕೇ ತಲೆಯಾಡಿಸಿ, “ಆಕ್ಸಲ್ಲು ಮೇಷ್ಟ್ರೇ. ಯಾವ ಕಡೇದು ಅಂತ ನೋಡ್ಬೇಕು. ಬನ್ನಿ, ಗ್ರೌಂಡಿಗೆ ಹೋಗಣ” ಎಂದರು.

ಗ್ರೌಂಡೆಂದರೆ ಪಕ್ಕದ ಸರ್ಕಾರಿ ಶಾಲೆಯ ಬಯಲು. ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ಎಳೆದು, ಫಸ್ಟ್ ಗೇರಿನಲ್ಲಿ ಸ್ವಲ್ಪ ಸ್ವಲ್ಪವೇ ಆಕ್ಸಿಲರೇಟರ್ ಒತ್ತುತ್ತ ಭಾವ ಸುತ್ತತೊಡಗಿದರು. ಮೇಸ್ತ್ರಿ ಸೊಂಟ ಬಗ್ಗಿಸಿ, ಕಿವಿ ಚಕ್ರದ ಕಡೆಗಿಟ್ಟು ಜೊತೆಯಲ್ಲೇ ಸುತ್ತಿದರು. ಗ್ಯಾರೇಜಿನ ಹುಡುಗ ಮೇಸ್ತ್ರಿಯ ಹಿಂದೆ ಸುತ್ತಿದ. ಆಟದ ಪೀರಿಯಡ್ಡಿನ ಮಕ್ಕಳು ಹುಡುಗನ ಹಿಂದೆ ಸುತ್ತಿದರು. ಶಾಲೆಯ ಹೆಡ್‌ಮಾಸ್ಟರು ಜಗಲಿಗೆ ಬಂದು, “ಏನ್ ಸಾರ್, ಈ ವಯಸ್ಸಲ್ಲಿ ಡ್ರೈವಿಂಗ್ ಕಲೀತಿದೀರಾ?” ಎಂದು ಕೂಗಿದರು. ಬಲಕ್ಕೆ ಸುತ್ತಿದಾಗ ಕಟ್ ಕಟ್ ಜೋರಾಗಿತ್ತು. ಎಡಕ್ಕೆ ಸುತ್ತಿದಾಗ ಏನೂ ಇಲ್ಲ.

“ಹಂಗಾದ್ರೆ ಎಡಗಡೇದು ಹೋಗಿದೆ” ಎಂದರು ಮೇಸ್ತ್ರಿ.

“ಅದ್ಹೇಗಯ್ಯ? ಸದ್ದು ಬಲಕ್ಕೆ ತಿರುಗಿದಾಗ ಬಂತಲ್ಲ?”

“ಬಲಕ್ಕೆ ತಿರುಗಿದ್ರೆ ಗಾಡಿ ಭಾರ ಎಡಕ್ಕೆ ವಾಲುತ್ತೆ ಮೇಷ್ಟ್ರೇ. ಆ ಚಕ್ರ ಹೊರಗಡೆ, ದೊಡ್ಡ ರೌಂಡಲ್ಲಿ ಓಡ್ಬೇಕು. ಜಾಸ್ತಿ ಎಳೆಯೋದು ಅದೇ, ನೋವು ಹೇಳೋದೂ ಅದೇ.”

ವೃತ್ತದ ಪರಿಧಿಯ ಮಾತು ಬಂದಕೂಡಲೇ ಭಾವ ತೆಪ್ಪಗಾದರು. ಅವರೇ ಕಲಿಸಿದ ಪಾಠ.

ಜಾಕಿ ಕೊಟ್ಟು ಎಡಚಕ್ರ ಕಳಚಿದಾಗ ನೋಡಬೇಕಾಗಿತ್ತು. ಬೂಟು ಒಂದು ಮಡಿಕೆಯ ಸುತ್ತ ಪೂರ್ತಿ ಹರಿದು, ಒಳಗಿನ ಕಬ್ಬಿಣ ಬೋಳಾಗಿ ಕಾಣುತ್ತಿತ್ತು. ಚಕ್ರದ ರಿಮ್ಮಿನ ಒಳಮೈಯಲ್ಲಿ ಗ್ರೀಸು ಒಂದು ಉಂಗುರ ಬರೆದಿತ್ತು; ಅದರ ಮೇಲೆ ತೀರ್ಥಹಳ್ಳಿಯ ಕೆಮ್ಮಣ್ಣು ಕೂತು ಹೆಪ್ಪುಗಟ್ಟಿತ್ತು. ಬಲಗಡೆಯದು ನೋಡಲು ನೆಟ್ಟಗಿತ್ತು. ಮೇಸ್ತ್ರಿ ಚಕ್ರವನ್ನು ಪೂರ್ತಿ ತಿರುಗಿಸಿ, ಮುಚ್ಚಿಕೊಂಡಿದ್ದ ಮಡಿಕೆಗಳನ್ನು ಹೆಬ್ಬೆರಳಿಂದ ಬಿಡಿಸಿದಾಗಲೇ ಕಂಡದ್ದು: ಮಡಿಕೆಯ ಬುಡದಲ್ಲಿ ಕೂದಲೆಳೆಯ ಬಿರುಕುಗಳು, ಅವುಗಳಲ್ಲೊಂದರಿಂದ ಗ್ರೀಸು ಆಗಷ್ಟೇ ಜಿನುಗಲು ಶುರುವಾದದ್ದು. ಒಂದೇ ಕಾರು, ಒಂದೇ ವಯಸ್ಸು. “ಎಡಗಡೆ ಚಕ್ರ ಯಾವಾಗ್ಲೂ ರೋಡಿನ ಅಂಚಲ್ಲಿ, ಕೆಸರಲ್ಲಿ, ಜಲ್ಲಿ ಮೇಲೆ ಹೋಗೋದು. ಅದಕ್ಕೇ ಮೊದ್ಲು ಅದು” ಎಂದರು ಮೇಸ್ತ್ರಿ. ಎದುರಿಂದ ಬಸ್ಸು ಬಂದಾಗಲೆಲ್ಲ ಭಾವ ಮಣ್ಣಿಗಿಳಿದು ದಾರಿ ಬಿಡುವವರು. ಅವರ ಸೌಜನ್ಯದ ಭಾರ ಹೊತ್ತದ್ದು ಎಡಗಡೆಯ ಬೂಟು.

ಚಕ್ರದ ನಡುವಿನ ಆಕ್ಸಲ್ ನಟ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಪಾನಕ್ಕೆ ಉದ್ದದ ಪೈಪು ಸಿಕ್ಕಿಸಿ, ಅದರ ಮೇಲೆ ಹುಡುಗ ನಿಂತು ಕುಣಿದ ಮೇಲೆ “ಕ್ರ್ಯಾಕ್” ಎಂದು ಸಡಿಲವಾಯಿತು. ಬಾಲ್ ಜಾಯಿಂಟ್ ಬಿಡಿಸಿ, ಗೇರ್‌ಬಾಕ್ಸಿನ ಬಾಯಿಗೆ ಸನ್ನೆ ಕೊಟ್ಟು ಮೀಟಿದಾಗ ಆಕ್ಸಲ್ ಈಚೆ ಬಂತು. ಹಿಂದೆಯೇ ಗೇರ್ ಆಯಿಲ್ ಸೋರಿತು. ಹುಡುಗ ಮೊದಲೇ ಡಬ್ಬ ಇಟ್ಟಿದ್ದ. ಚಕ್ರದ ಕಡೆಯ ಜಾಯಿಂಟನ್ನು ತಟ್ಟೆಯಲ್ಲಿಟ್ಟು ಸೀಮೆಎಣ್ಣೆಯಲ್ಲಿ ತೊಳೆದು, ಮೇಸ್ತ್ರಿ ಒಂದೊಂದೇ ಗುಂಡನ್ನು ಹೊರಗೆ ತೆಗೆದರು. ಆರು ಗುಂಡು. ಅವುಗಳನ್ನು ಹಿಡಿದಿಡುವ ಒಂದು ಪಂಜರ. ಒಳಗೊಂದು, ಹೊರಗೊಂದು ಕಬ್ಬಿಣದ ಕಪ್ಪು. ಎರಡರಲ್ಲೂ ಗುಂಡುಗಳು ಜಾರಲು ಆರಾರು ಕೊರಕಲು.

“ಗುಂಡು ಯಾಕೆ ಪಂಜರದಲ್ಲಿ?” ಭಾವ ಕೇಳಿದರು.

ಮೇಸ್ತ್ರಿ ಅಷ್ಟರಲ್ಲಿ ಬಿಚ್ಚಿಟ್ಟಿದ್ದ ಬಲಗಡೆಯ ಆಕ್ಸಲ್ಲನ್ನು ಕೈಗೆತ್ತಿಕೊಂಡು ಜಾಯಿಂಟನ್ನು ಬಗ್ಗಿಸಿ ತೋರಿಸಿದರು. “ಈ ಶಾಫ್ಟು ಹಿಂಗಿದೆ, ಚಕ್ರ ಹಂಗೆ ತಿರುಗ್ತು ಅನ್ಕಳಿ. ಪಂಜರ ಪೂರ್ತಿ ಆ ಕಡೆನೂ ಹೋಗಲ್ಲ, ಈ ಕಡೆನೂ ಇರಲ್ಲ. ಯಾವಾಗ್ಲೂ ಮಧ್ಯ. ಸರಿಯಾಗಿ ಅರ್ಧಕ್ಕೆ.”

ಭಾವ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಅಲ್ಲೇ ಟಯರಿನ ಮೇಲೆ ಕೂತರು. “ಕೋನಾರ್ಧಕ ಕಣಯ್ಯ ಇದು! ಅದಕ್ಕೇ ಎರಡೂ ಕಡೆ ಒಂದೇ ವೇಗ!” ಇಡೀ ಸರ್ವೀಸಿನಲ್ಲಿ ಬ್ಯಾಚಿನ ಮೇಲೆ ಬ್ಯಾಚು ಹುಡುಗರು, ಕೋನವನ್ನು ಅರ್ಧ ಮಾಡುವುದರಿಂದ ಏನು ಪ್ರಯೋಜನ ಸಾರ್ ಎಂದು ಕೇಳಿದ್ದರಂತೆ. ಪರೀಕ್ಷೆಗೆ ಬರುತ್ತೆ ಎಂದು ಹೇಳಿ ಪಾರಾಗುತ್ತಿದ್ದರಂತೆ. ಅದು ತಮ್ಮದೇ ಕಾರಿನ ಎರಡೂ ಮುಂದಿನ ಚಕ್ರಗಳಲ್ಲಿ, ಪ್ರತಿ ತಿರುವಿನಲ್ಲಿ, ಕಪ್ಪು ಗ್ರೀಸಿನೊಳಗೆ ಕೆಲಸ ಮಾಡುತ್ತಿತ್ತೆಂದು ಅವರಿಗೆ ತಿಳಿದದ್ದು ಅದನ್ನು ಬಿಚ್ಚಿ ಸೀಮೆಎಣ್ಣೆಗೆ ಹಾಕಿದ ದಿನ.

ಅವರ ಉತ್ಸಾಹ ಇಳಿಯಲಿ ಎಂದು ಕಾದು ಮೇಸ್ತ್ರಿ ತೀರ್ಪಿಗೆ ಬಂದರು. ಎಡಗಡೆಯ ಕಪ್ಪನ್ನು ಭಾವನ ಮುಂದೆ ಹಿಡಿದು, “ಉಗುರು ಆಡಿಸಿ ನೋಡಿ” ಎಂದರು. ಕೊರಕಲಿನ ಉದ್ದಕ್ಕೂ ಭಾವನ ಹೆಬ್ಬೆರಳಿನ ಉಗುರು ಸರಿಯಿತು. ನಡುವೆ ಒಂದು ಕಡೆ ಟಕ್ಕನೆ ಸಿಕ್ಕಿಕೊಂಡಿತು. ಗುಂಡು ಕೂತು ಕೂತು ತಿಂದ ಹಳ್ಳ. ಗುಂಡು ಆ ಹಳ್ಳಕ್ಕೆ ಬಿದ್ದು ಎದ್ದಾಗಲೇ ಕಟ್ ಎನ್ನುತ್ತಿದ್ದದ್ದು. ಬಿಚ್ಚಿ ತೊಳೆದ ಬಲಗಡೆಯದರಲ್ಲಿ ಉಗುರು ಈ ತುದಿಯಿಂದ ಆ ತುದಿಗೆ ತಡೆಯಿಲ್ಲದೆ ಜಾರಿತು.

“ಎಡಗಡೆದಕ್ಕೆ ಹೊಸ ಆಕ್ಸಲ್ಲು. ಬಲಗಡೆದಕ್ಕೆ ಬೂಟು ಸಾಕು.”

ಭಾವನಿಗೆ ಇದು ಸಮ್ಮತವಾಗಲಿಲ್ಲ. ಹಳೆಯದನ್ನು ಎಸೆಯುವುದು ಅವರ ಜಾಯಮಾನವಲ್ಲ. ಕೊಡೆಗೆ ಕಡ್ಡಿ ಹಾಕಿಸಿ, ಚಪ್ಪಲಿಗೆ ಉಂಗುಷ್ಠ ಹೊಲಿಸಿ ಬದುಕಿದವರು. ಎಡಗಡೆಗೂ ಬೂಟೇ ಹಾಕು, ಗ್ರೀಸು ಜಾಸ್ತಿ ತುಂಬು ಎಂದು ಚೌಕಾಸಿಗಿಳಿದರು. ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದರೆ ಹೇಗೆ ಎಂದೂ ಕೇಳಿದರು. “ಹಾಕ್ಬೋದು ಮೇಷ್ಟ್ರೇ. ಹಳ್ಳಕ್ಕೆ ಗ್ರೀಸು ತುಂಬಿದ್ರೆ ಹಳ್ಳ ಮುಚ್ಚುತ್ತಾ? ಬೂಟ್ ಹರಿದಾಗ ಸೌಂಡ್ ಬರಲ್ಲ. ಸೌಂಡ್ ಬಂದ್ಮೇಲೆ ಬೂಟಿನ ಮಾತಾಡಿ ಉಪಯೋಗ ಇಲ್ಲ. ನೋಡ್ಕೊಂಡು ಬಂದೋರಿಗೆ ಬೂಟು, ಕೇಳ್ಕೊಂಡು ಬಂದೋರಿಗೆ ಆಕ್ಸಲ್ಲು.”

ರಿಪೇರಿಯೆಂದರೆ ಕೈಚಳಕದ ಮಾತು, ಬಲ್ಲವನು ಏನನ್ನು ಬೇಕಾದರೂ ಸರಿಮಾಡಿಕೊಡುತ್ತಾನೆ ಎಂದುಕೊಂಡಿರುತ್ತೇವೆ. ಮೇಸ್ತ್ರಿಯ ಕೈಯಲ್ಲಿ ಚಳಕವಿತ್ತು, ಸಾಮಾನೂ ಇತ್ತು. ಎಡಗಡೆಯ ಜಾಯಿಂಟಿನ ಹತ್ತಿರ ಇಲ್ಲದೆ ಹೋದದ್ದು ಸಮಯ. ರಿಪೇರಿಗೆ ಒಂದು ಮುಹೂರ್ತವಿದೆ, ಅದು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ. ಹಳೆಯದನ್ನು ಎಸೆಯಬಾರದು ಎಂಬ ಸಿದ್ಧಾಂತವಿದ್ದರೆ ಸಾಲದು. ಆಗಾಗ ಬಗ್ಗಿ ನೋಡುವ ಸೊಂಟವೂ ಇರಬೇಕು.

ರಾತ್ರಿ ಅಮೆರಿಕದಿಂದ ಭಾವನ ಮಗನ ವೀಡಿಯೋ ಕಾಲ್ ಬಂತು. ಅವನ ಸಲಹೆ ಇನ್ನೂ ನಿಷ್ಠುರ: ಬಲಗಡೆಯದನ್ನೂ ಇಡಿಯಾಗಿ ಬದಲಾಯಿಸಿಬಿಡಿ ಅಪ್ಪ, ಇಲ್ಲ್ಯಾರೂ ಬೂಟೊಂದನ್ನೇ ಹಾಕಿಸುತ್ತ ಕೂರುವುದಿಲ್ಲ. ಅವನ ಮಾತು ಅಲ್ಲಿಗೆ ಸರಿ. ಬೂಟು ಬದಲಾಯಿಸಲೂ ಆಕ್ಸಲ್ ಹೊರಗೆ ತೆಗೆಯಲೇಬೇಕು. ಮೇಲೆ ಬಿಚ್ಚುವುದು, ತೊಳೆಯುವುದು, ತುಂಬುವುದು ಬೇರೆ. ಕೆಲಸಗಾರನ ಒಂದೊಂದು ಗಂಟೆಗೂ ಅಷ್ಟು ಡಾಲರ್ ಕೊಡುವ ದೇಶದಲ್ಲಿ ಆ ಕೂಲಿಯೇ ಹೊಸ ಆಕ್ಸಲಿನ ಬೆಲೆಗೆ ಸಮನಾಗುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು. ಬೂಟು, ಗ್ರೀಸಿನ ಪೊಟ್ಟಣ, ಎರಡು ಕ್ಲಿಪ್ಪಿನ ಕಿಟ್ಟು ನೂರುಗಳಲ್ಲಿ ಮುಗಿದರೆ, ಒಳ್ಳೆಯ ಆಕ್ಸಲ್ ಸಾವಿರಗಳಲ್ಲಿ ಮಾತಾಡುತ್ತದೆ. ನಮ್ಮ ಮಿತವ್ಯಯವನ್ನು ಸಂಸ್ಕೃತಿಯೆಂದು ಹೊಗಳಿಕೊಳ್ಳುವ ಮೊದಲು ಅದರಲ್ಲಿ ಗ್ಯಾರೇಜಿನ ಹುಡುಗನ ಸಂಬಳದ ಪಾಲು ಎಷ್ಟೆಂದು ಯೋಚಿಸಿದರೆ ಸ್ವಲ್ಪ ಮುಜುಗರವಾಗುತ್ತದೆ. ಅಲ್ಲಿಯವರೂ ಹಳೆಯದನ್ನು ಹಾಗೆಯೇ ಎಸೆಯುತ್ತಾರೆಂದಲ್ಲ. ಅಂಗಡಿಯವರು ಆಕ್ಸಲ್ ಮಾರುವಾಗ ಮುಂಗಡವಾಗಿ ಒಂದಿಷ್ಟು ಹೆಚ್ಚು ಹಿಡಿದುಕೊಂಡು, ಹಳೆಯದನ್ನು ತಂದುಕೊಟ್ಟರೆ ವಾಪಸು ಕೊಡುವ ಪದ್ಧತಿಯಿದೆ. ಹಾಗೆ ಬಂದವು ಕಾರ್ಖಾನೆಗೆ ಹೋಗಿ ಹೊಸ ಬೂಟು ತೊಟ್ಟು ಮತ್ತೆ ಅಂಗಡಿಗೆ ಬರುತ್ತವೆ. ರಿಪೇರಿ ಅಲ್ಲೂ ಉಂಟು, ಗಿರಾಕಿಯ ಕಣ್ಣೆದುರಲ್ಲಿ ಮಾತ್ರ ಇಲ್ಲ.

ಇನ್ನು ಉಳಿದದ್ದು ಗುಜರಿಯ ಪ್ರಶ್ನೆ. ಬೆಂಗಳೂರಿನ ಶಿವಾಜಿನಗರದಲ್ಲಿ ಹಳೆಯ ಕಾರಿನ ಯಾವ ಅಂಗ ಬೇಕಾದರೂ ಸಿಗುತ್ತದೆ ಎಂದು ಭಾವನಿಗೆ ಯಾರೋ ಹೇಳಿದ್ದರು. ಸಿಗುತ್ತದೆ, ಅದರ ಬೂಟಿನ ಒಳಗೆ ಏನು ಬರೆದಿದೆ ಎಂಬುದು ಬಿಚ್ಚಿದ ಮೇಲೆ ತಿಳಿಯುತ್ತದೆ. ಕೊನೆಗೆ ಜೆ.ಸಿ. ರಸ್ತೆಯ ಅಂಗಡಿಯಿಂದ ಹೊಸದನ್ನೇ ತರಿಸುವುದೆಂದಾಯಿತು. ರಾತ್ರಿ ಬಸ್ಸಿನಲ್ಲಿ, ಅಡಿಕೆ ವ್ಯಾಪಾರದವರ ಪಾರ್ಸೆಲ್ಲುಗಳ ನಡುವೆ ಮಲಗಿ, ಬೆಳಗಿನ ಜಾವ ಆಕ್ಸಲ್ ಬಂದಿಳಿಯಿತು. ಅಗ್ಗದ್ದು ಬೇಡವೆಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು. ಅಗ್ಗದ ಆಕ್ಸಲ್ಲಿನಲ್ಲಿ ಮೊದಲು ಹರಿಯುವುದು ಮತ್ತೆ ಅದೇ ಬೂಟು.

ಹೊಸ ಆಕ್ಸಲ್ ಸಿಕ್ಕಿಸುವುದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಡಬ್ಬದಿಂದ ತೆಗೆದರು, ತೂರಿಸಿದರು, ಬಿಗಿದರು. ನೋಡಬೇಕಾದದ್ದು ಬಲಗಡೆಯ ರಿಪೇರಿ. ತೊಳೆದ ಜಾಯಿಂಟನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು ಆರಿಸಿದರು. ಪೊಟ್ಟಣ ಹರಿದರೆ ಕಾಡಿಗೆ ಬಣ್ಣದ ಗ್ರೀಸು. ಅದರಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಕಪ್ಪು ಪುಡಿ ಬೆರೆತಿರುತ್ತದೆ. ಉಕ್ಕಿನ ಮೇಲೆ ಉಕ್ಕು ಒತ್ತಿ ಜಾರುವಲ್ಲಿ ಮಾಮೂಲಿ ಗ್ರೀಸು ತಡೆಯುವುದಿಲ್ಲ. ಮೇಸ್ತ್ರಿ ಅದನ್ನು ಬೆರಳಿನಿಂದ ಗುಂಡುಗಳ ಸಂದಿಗೆ ಒತ್ತಿ ಒತ್ತಿ, ಹಿಂದಿನಿಂದ ಹೊರಬರುವವರೆಗೂ ತುಂಬಿದರು. ಉಳಿದದ್ದನ್ನು ಬೂಟಿನೊಳಗೆ ಹಿಂಡಿದರು. ದೊಡ್ಡ ಕ್ಲಿಪ್ಪು ಬಿಗಿದರು. ಸಣ್ಣ ಕ್ಲಿಪ್ಪು ಬಿಗಿಯುವ ಮುಂಚೆ ಬೂಟಿನ ತುಟಿಯ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಎತ್ತಿದರು. ‘ಪುಸ್’ ಎಂದು ಒಳಗಿನ ಗಾಳಿ ಹೋಯಿತು, ಉಬ್ಬಿದ್ದ ಮಡಿಕೆಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. “ಗಾಳಿ ಬಿಡದೆ ಬಿಗಿದ್ರೆ ಬೂಟು ಉಬ್ಬಿ ಬೇಗ ಹೋಗುತ್ತೆ” ಎಂದರು. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಈ ಪುಸ್. ಯಾವ ಬಿಲ್ಲಿನಲ್ಲೂ ಇದನ್ನು ಬರೆಯುವುದಿಲ್ಲ.

ಬಿಲ್ಲಿಗೆ ಸೇರದ ಇನ್ನೊಂದು ಖರ್ಚಿತ್ತು, ಭಾವನ ಬಿಳಿ ಪಂಚೆ. ಕೋನಾರ್ಧಕದ ಸಂಭ್ರಮದಲ್ಲಿ ಟಯರಿನ ಮೇಲೆ ಕೂತದ್ದಕ್ಕೆ ಹಿಂಭಾಗದಲ್ಲಿ ಒಂದು ಕರಿಯ ವೃತ್ತಚಾಪ ಮೂಡಿತ್ತು. ಅಕ್ಕ ಮೊದಲು ಸೋಪು, ಆಮೇಲೆ ಸೀಮೆಎಣ್ಣೆ, ಆಮೇಲೆ ಕೊಬ್ಬರಿಎಣ್ಣೆ ಹಚ್ಚಿ ಉಜ್ಜಿ, ಕಡೆಗೆ ಮೇಸ್ತ್ರಿಯದೇ ನ್ಯಾಯ ಅನ್ವಯಿಸಿದಳು: “ಇದು ರಿಪೇರಿ ಆಗಲ್ಲ ಕಣ್ರೀ, ಹೊಸದೇ ತಗಳಿ.”

ಅಂದಿನಿಂದ ಭಾವ ಬೂಟು ನೋಡುವ ವ್ರತ ಹಿಡಿದಿದ್ದಾರೆ. ತಮ್ಮ ಕಾರಿನದಾದ ಮೇಲೆ ನೆಂಟರ ಕಾರುಗಳ ಸರದಿ. ಮೊನ್ನೆ ಒಂದು ಗೃಹಪ್ರವೇಶದಲ್ಲಿ, ಜನರೆಲ್ಲ ಹೊಸ ಮನೆ ನೋಡುತ್ತಿದ್ದರೆ ಇವರು ಹೊರಗೆ ಸಾಲಾಗಿ ನಿಂತ ಕಾರುಗಳ ಮುಂದಿನ ಚಕ್ರದ ಹಿಂದೆ ಒಂದೊಂದಾಗಿ ಟಾರ್ಚು ಬಿಡುತ್ತಿದ್ದರು. ಅಜ್ಜಿಯೊಬ್ಬರು ಕನಿಕರದಿಂದ, “ಎಂತ ಬಿತ್ತು ಮೇಷ್ಟ್ರೇ? ಹುಡುಗರನ್ನ ಕರೀಲಾ?” ಎಂದರು. ಮನೆಯ ಯಜಮಾನರ ಅಳಿಯ ತನ್ನ ಹೊಸ ಬ್ಯಾಟರಿ ಕಾರಿನ ಹತ್ತಿರ ನಿಂತು, “ಸಾರ್, ಇದರಲ್ಲಿ ಎಂಜಿನ್ನೇ ಇಲ್ಲ. ಆಯಿಲ್ ಬದಲಾಯಿಸೋ ತಲೆನೋವೂ ಇಲ್ಲ. ನೋಡೋದಕ್ಕೆ ಏನೂ ಇಲ್ಲ” ಎಂದು ಹೆಮ್ಮೆಯಿಂದ ಹೇಳಿದ. ಭಾವ ಬಗ್ಗಿ ಟಾರ್ಚು ಬಿಟ್ಟರು. ಮೋಟರಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್ಲು, ಅದರ ಎರಡೂ ತುದಿಯಲ್ಲಿ ಕಪ್ಪಗೆ ಮಡಿಕೆ ಮಡಿಕೆಯಾಗಿ ಕೂತ ಬೂಟುಗಳು. ಬ್ಯಾಟರಿಯಿರಲಿ ಪೆಟ್ರೋಲಿರಲಿ, ಚಕ್ರ ತಿರುಗಿಕೊಂಡೇ ಎಳೆಯಬೇಕಲ್ಲ!

“ಇದ್ದಾವೆ” ಎಂದರು ಭಾವ ಎದ್ದು ನಿಂತು, ಪರಮ ಸಮಾಧಾನದಿಂದ.

“ಆದರೆ ಸದ್ದೇನೂ ಬರ್ತಿಲ್ಲವಲ್ಲ ಸಾರ್?” ಎಂದ ಅಳಿಯ.

ಆ ಪ್ರಶ್ನೆಯನ್ನು ಅವನು ಕೇಳಬಾರದಿತ್ತು. ಭಾವ ಅವನ ಹೆಗಲ ಮೇಲೆ ಕೈಯಿಟ್ಟು, ಒಂದು ಕಡ್ಡಿ ಹುಡುಕಿ, ಅಂಗಳದ ರಂಗೋಲಿಯ ಪಕ್ಕದಲ್ಲೇ ಒಂದು ಕೋನ ಬರೆದರು. ಒಳಗೆ ಎರಡನೆಯ ಪಂಕ್ತಿಗೆ ಹೋಳಿಗೆ ಬಡಿಸಿ ಆಗಿತ್ತು. ಹೊರಗೆ ಕೋನ ಇನ್ನೂ ಅರ್ಧವಾಗಿರಲಿಲ್ಲ.